ಆಪಾ ಹಾಕಿದ ಬಾಣದ ಗುರುತು

ಕಸ್ಟಮ್ಸ್ ಮೇಜು

ಜಪಾನಿನ ನೆಲದ ಮೇಲೆ ನಮ್ಮ ಸಾಮಾನಿನಿಂದ ಮೊದಲು ಹೊರಬಿದ್ದದ್ದು ಖಡಕ್ ರೊಟ್ಟಿಯ ಚೂರು. ಬಿಳಿ ಕೈಗವಸು ಹಾಕಿಕೊಂಡ ಅಧಿಕಾರಿ ನನ್ನ ಸೂಟ್‌ಕೇಸು ತೆರೆಯಲು ಹೇಳಿದ. ಮುಚ್ಚಳ ಎತ್ತಿದೆ. ಜೀವನ್ ಬಿಮಾ ನಗರದ ನಮ್ಮ ಅಡುಗೆಮನೆಯಲ್ಲಿ ಅವ್ವ ಕೂತು ಬಡಿದು, ಒಣಗಿಸಿ, ಹಳೆಯ ಧೋತರದಲ್ಲಿ ಸುತ್ತಿಕೊಟ್ಟಿದ್ದ ಜೋಳದ ರೊಟ್ಟಿಗಳಲ್ಲಿ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಸ್ವೆಟರಿನ ತೋಳಿನಲ್ಲಿ ಒಂದು ಚೂರು, ಚಪ್ಪಲಿಯೊಳಗೆ ಒಂದು ಚೂರು, ಶೇಂಗಾ ಚಟ್ನಿಪುಡಿಯ ಡಬ್ಬಿಯ ಸುತ್ತ ಹಿಟ್ಟೋ ಹಿಟ್ಟು. ಅಧಿಕಾರಿ ಬಹಳ ಗೌರವದಿಂದ ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದು ಇದ್ದ ಜಾಗದಲ್ಲೇ, ಅಂದರೆ ನನ್ನ ಕಾಲುಚೀಲದ ಮೇಲೆ, ಇಟ್ಟ.

ನನ್ನ ಪಕ್ಕದಲ್ಲಿ ನಿಂತಿದ್ದ ನಸೀಮಾ ಆಪಾ ಮೆಲ್ಲಗೆ ಅಂದರು, "ಅಮ್ಮಂಗೆ ಹೇಳ್ಬೇಡ. ಚೂರಾದ್ರೂ ರೊಟ್ಟಿನೇ ಅಲ್ವಾ, ತಿನ್ನೋಣ."

ನಮಗೆಲ್ಲ ಅಕ್ಕನಂತಿರುವ ನಸೀಮಾ ಆಪಾ ಶಿವಾಜಿನಗರದವರು. ನಾನು ಗಿರಿಜಾ, ಹುಟ್ಟಿದ್ದು ಗದಗಿನ ಕಡೆ, ಬೆಳೆದದ್ದು ಅಪ್ಪನ ನೌಕರಿಯ ಬೆನ್ನು ಹತ್ತಿ ಬಂದ ಬೆಂಗಳೂರಿನಲ್ಲಿ. ಹಲಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನ ಹಿಂಬದಿಯಲ್ಲಿ, ಸೈಕಲ್ ಸ್ಟ್ಯಾಂಡು ದಾಟಿದರೆ ಸಿಗುವ ಪ್ರಯೋಗಾಲಯದಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮೈಕ್ರೋಸ್ಕೋಪುಗಳ ಮುಂದೆ ಕೂರುತ್ತೇವೆ. ಒಡೆದದ್ದನ್ನು ಹುಡುಕುವುದೇ ನಮ್ಮ ಕೆಲಸ. ಪರಮಾಣುವಿನ ನಡುವೆ ಇರುವ ಬೀಜವನ್ನು ಯಂತ್ರದಲ್ಲಿ ಬಹಳ ವೇಗಕ್ಕೆ ಏರಿಸಿ, ಫೋಟೋ ಫಿಲ್ಮಿನ ಲೇಪದಂಥದ್ದೇ ದಪ್ಪ ಲೇಪವಿರುವ ಗಾಜಿನ ಪ್ಲೇಟಿನೊಳಕ್ಕೆ ಬಿಡುತ್ತಾರೆ. ಅದು ಹೋದ ದಾರಿಯುದ್ದಕ್ಕೂ ಬೆಳ್ಳಿಯ ಕಪ್ಪು ಕಣಗಳ ಒಂದು ಗೆರೆ ಉಳಿಯುತ್ತದೆ. ದಾರಿಯಲ್ಲಿ ಇನ್ನೊಂದು ಬೀಜಕ್ಕೆ ಢಿಕ್ಕಿ ಹೊಡೆದರೆ ದಪ್ಪ ಗೆರೆ ಅಲ್ಲಿಗೆ ನಿಂತು, ಅಲ್ಲಿಂದ ತೆಳು ಗೆರೆಗಳು ಹೊರಡುತ್ತವೆ.

ರೊಟ್ಟಿಗೂ ಅದಕ್ಕೂ ಒಂದು ವ್ಯತ್ಯಾಸವಿದೆ. ರೊಟ್ಟಿಯ ಚೂರು ಸಿಕ್ಕ ಕಡೆಗೆಲ್ಲ ಹೋಗುತ್ತದೆ. ಓಡುತ್ತಿರುವ ಬೀಜ ಮುರಿದರೆ ಅದರ ತುಂಡುಗಳು ದಿಕ್ಕಾಪಾಲಾಗುವುದಿಲ್ಲ. ತಾಯಿ ಬೀಜ ಎತ್ತ ಹೊರಟಿತ್ತೋ ಅತ್ತಲೇ, ಹೆಚ್ಚುಕಡಿಮೆ ಅದೇ ವೇಗದಲ್ಲಿ, ಒಂದರಿಂದೊಂದು ಸ್ವಲ್ಪ ಸ್ವಲ್ಪವೇ ಸರಿದುಕೊಂಡು ಮುಂದೆ ಹೋಗುತ್ತವೆ. ಕಾರ್ಬನ್ನಿನ ಬೀಜವೊಂದು ಅಚ್ಚುಕಟ್ಟಾಗಿ ಮೂರು ಹೀಲಿಯಂ ಆಗಿ ಬಿಡಿಸಿಕೊಳ್ಳುವುದುಂಟು. ನಮ್ಮಲ್ಲಿ ಅದನ್ನು "ಒಂದು ಮೂರಾಗಿದ್ದು" ಅನ್ನುತ್ತೇವೆ. ಅದು ಸಿಕ್ಕ ದಿನ ಆಪಾ ಕಾಕ್ಸ್ ಟೌನ್ ಬೇಕರಿಯಿಂದ ದಿಲ್‌ಪಸಂದ್ ತರಿಸುತ್ತಾರೆ.

ಬಸ್ಸಿನಲ್ಲಿ

ಆಪಾ ಈ ಪ್ರಯಾಣಕ್ಕೆ ಹೊರಟದ್ದು ಯಾರಿಗೂ ಇಷ್ಟವಿರಲಿಲ್ಲ. ಅವರ ಕಣ್ಣಿನೊಳಗೆ ಒತ್ತಡ ಏರಿ, ಪಕ್ಕದ ನೋಟ ವರ್ಷದಿಂದ ವರ್ಷಕ್ಕೆ ಮುಚ್ಚಿಕೊಳ್ಳುತ್ತ ಬಂದಿದೆ. ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕ ಇಲ್ಲ. ಡಾಕ್ಟರು ಆಪರೇಷನ್ ಆಗಲೇಬೇಕು ಅಂದರು. ಮಾಡದಿದ್ದರೆ ಉಳಿದ ನೋಟವೂ ಹೋಗುತ್ತದೆ. ಮಾಡಿದ ಮೇಲೂ ಮೈಕ್ರೋಸ್ಕೋಪಿನಲ್ಲಿ ನೋಡುವಷ್ಟು ಸೂಕ್ಷ್ಮ ಉಳಿಯುತ್ತದೆಂದು ಮಾತು ಕೊಡಲಾರೆ ಎಂದೂ ಅಂದರು.

ಅದೇ ಹೊತ್ತಿಗೆ ಜಪಾನಿನಿಂದ ಕರೆ ಬಂತು. ಪ್ಲೇಟುಗಳು ಯಾವಾಗಲೂ ಅಲ್ಲಿಂದ ಸಿದ್ಧವಾಗಿಯೇ ನಮಗೆ ಬರುತ್ತಿದ್ದವು. ಈ ಬಾರಿ ಇಬ್ಬರು ಬಂದು ಕೈಹಾಕಿ ಕಲಿತು ಹೋಗಲಿ ಎಂದಿದ್ದರು. ಆಪಾ ತಮ್ಮ ಹೆಸರು ಕೊಟ್ಟೇಬಿಟ್ಟರು. ಮಗ ಬೇಡವೆಂದ, ಸೊಸೆ ಅತ್ತಳು. ಆಪಾ ನನ್ನ ಹತ್ತಿರ ಹೇಳಿದ್ದು ಇಷ್ಟು: "ಇಷ್ಟು ವರ್ಷ ಇವು ಬಂದು ಸೇರಿದ್ದು ನೋಡಿದೀನಿ. ಹೊರಡೋ ಜಾಗ ಒಂದ್ಸಲ ನೋಡ್ಬೇಕು. ನಾನೇ ಕೈಯಾರೆ ಕಟ್ಟಿದ ಪ್ಲೇಟಲ್ಲಿ ಒಂದು ಮೂರಾಗಿದ್ದು ಹುಡುಕ್ಬೇಕು. ಆಮೇಲೆ ಡಾಕ್ಟ್ರು ಏನ್ ಬೇಕಾದ್ರೂ ಮಾಡ್ಕೊಳ್ಲಿ."

ಹಾಗಾಗಿ ನನ್ನ ಈ ಪ್ರವಾಸಕ್ಕೆ ಗುಡಿ ಗೋಪುರ, ಹೂಬಿಟ್ಟ ಮರ ಇತ್ಯಾದಿ ಯಾವುದೂ ಗುರಿಯಾಗಿರಲಿಲ್ಲ. ಆಪಾಗೆ ಅದೊಂದು ಗೆರೆ ಸಿಗಬೇಕು, ಅಷ್ಟೇ.

ಪ್ಲೇಟು ತಯಾರಾಗುವ, ಸಮುದ್ರದ ಮಗ್ಗುಲಿನ ಊರಿಗೆ ಬಸ್ಸಿನಲ್ಲಿ ಹೋದೆವು. ಬಸ್ಸಿನಲ್ಲಿ ಒಬ್ಬರೂ ಮಾತಾಡುವುದಿಲ್ಲ. ಫೋನ್ ಬಂದರೆ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಆಫ್ ಮಾಡುತ್ತಾರೆ. ಮಾತಾಡುವವನು ಡ್ರೈವರ್ ಒಬ್ಬನೇ. ಕಿವಿಗೆ ಸಿಕ್ಕಿಸಿಕೊಂಡ ಮೈಕಿನಲ್ಲಿ ಪಿಸುಗುಡುವ ಹಾಗೆ ಏನೋ ಹೇಳುತ್ತಲೇ ಇದ್ದ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಮೋರಿತಾ ಎಂಬ ವಿಜ್ಞಾನಿ ಅದನ್ನು ಬಿಡಿಸಿ ಹೇಳಿದರು: ಈಗ ಹೊರಡುತ್ತೇವೆ, ಈಗ ಎಡಕ್ಕೆ ತಿರುಗುತ್ತೇವೆ, ಈಗ ನಿಲ್ಲುತ್ತೇವೆ, ದಯವಿಟ್ಟು ಹಿಡಿದುಕೊಳ್ಳಿ.

ಕೆ.ಆರ್. ಪುರಂ ಬಸ್ಸಿನಲ್ಲಿ ಬೆಳೆದ ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ತಿರುಗಿತು ಅನ್ನುವುದು ಗೊತ್ತಾಗುವುದು ಪಕ್ಕದವರ ಮೊಣಕೈ ನಮ್ಮ ಪಕ್ಕೆಗೆ ತಿವಿದಾಗ. ಆಪಾ ಮಾತ್ರ ನಗಲಿಲ್ಲ. ಪ್ರತಿ ಮಾತಿಗೂ ತಲೆಯಾಡಿಸುತ್ತ ಕಂಬಿ ಹಿಡಿದು ಕೂತಿದ್ದರು.

"ಒಳ್ಳೇ ಪದ್ಧತಿ," ಅಂದರು ಇಳಿಯುವಾಗ. "ಮೊದ್ಲೇ ಹೇಳ್ಬಿಟ್ರೆ ಕಣ್ಣು ಬೇಕಾಗಲ್ಲ."

ಕತ್ತಲ ಕೋಣೆ

ಪ್ಲೇಟುಗಳಿಗೆ ಬೆಳಕು ತಾಕಬಾರದು. ಕಡುಗೆಂಪು ದೀಪವೊಂದು ಇದ್ದೂ ಇಲ್ಲದಂತೆ ಉರಿಯುವ ಕೋಣೆಯಲ್ಲಿ ಅವನ್ನು ಕಪ್ಪು ಹೊದಿಕೆಯೊಳಗೆ ಕಟ್ಟಬೇಕು. ನಮ್ಮ ಹಲಸೂರಿನ ಕತ್ತಲ ಕೋಣೆಯಲ್ಲಿ ಗೆರೆಗಳ ಫೋಟೋ ತೊಳೆಯುವಾಗ ನಾವು ಕೆಲಸ ಮಾಡುವುದು ಮೊಣಕೈ ತಾಗಿಸಿಕೊಂಡು, ಬೈದುಕೊಂಡು. ಒಮ್ಮೆ ನಾನು ಆಪಾರ ಕಾಲ ಮೇಲೆ ತೊಟ್ಟಿ ಇಟ್ಟದ್ದೂ ಉಂಟು.

ಇಲ್ಲಿ ಬಸ್ ಡ್ರೈವರನ ಪದ್ಧತಿ. ಒಳಗಿರುವವರು ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿ ಮಾಡುತ್ತಾರೆ. "ನಿಮ್ಮ ಹಿಂದೆ ಹೋಗುತ್ತಿದ್ದೇನೆ." "ಪ್ಲೇಟು ಚಾಚುತ್ತಿದ್ದೇನೆ." "ಹಿಡಿದಿರಾ? ಬಿಡುತ್ತಿದ್ದೇನೆ." ನಮಗಾಗಿ ಇಂಗ್ಲಿಷಿನಲ್ಲೇ ಹೇಳುತ್ತಿದ್ದರು. ಮೊದಮೊದಲು ನನಗೆ ನಾಟಕದಂತೆ ಅನ್ನಿಸಿತು. ಆಪಾ ಮೊದಲ ಪ್ಲೇಟಿಗೇ ಕಲಿತುಬಿಟ್ಟರು. ಇಂಗ್ಲಿಷ್ ಮರೆತಾಗ ಕನ್ನಡದಲ್ಲಿ, ಅದೂ ಸಾಲದಾದಾಗ ದಖನಿಯಲ್ಲಿ ಹೇಳುತ್ತಿದ್ದರು. ಮೋರಿತಾ ಎಲ್ಲದಕ್ಕೂ "ಹಾಯ್" ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಅದು "ಹೂಂ" ಅಂದಹಾಗೆ.

ಹಗಲಿನಲ್ಲಿ ಆಪಾ ಬಾಗಿಲ ಚೌಕಟ್ಟಿಗೆ ಹೆಗಲು ಬಡಿಸಿಕೊಳ್ಳುತ್ತಾರೆ, ಪಕ್ಕದಿಂದ ಚಾಚಿದ ಟೀ ಲೋಟ ಕಾಣದೆ ಕೈ ತಗುಲಿಸುತ್ತಾರೆ, ಆಮೇಲೆ ಬೆಪ್ಪಾಗಿ ನಗುತ್ತಾರೆ. ಕತ್ತಲ ಕೋಣೆಯಲ್ಲಿ ಅವರು ಒಮ್ಮೆಯೂ ಎಡವಲಿಲ್ಲ.

"ಇಲ್ಲಿ ಎಲ್ರ ಕಣ್ಣೂ ನನ್ ಕಣ್ಣಿನ ಥರಾನೇ," ಅಂದರು. ಖುಷಿಯಾಗಿಯೇ ಅಂದರು.

ಕಟ್ಟಿದ ಪೊಟ್ಟಣಗಳ ಮೂಲೆಗೆ ಬಿಳಿ ಚೀಟಿ ಅಂಟಿಸಿ ನಂಬರು ಬರೆಯುವ ಕೆಲಸ ಆಪಾ ವಹಿಸಿಕೊಂಡರು. ಅಲ್ಲೇ ಎಡವಟ್ಟಾದದ್ದು. ಅದು ಗೊತ್ತಾಗಬೇಕಾದರೆ ನಮ್ಮ ಪ್ರಯೋಗಾಲಯದ ಒಂದು ರೂಢಿ ಹೇಳಬೇಕು. ನಮ್ಮಲ್ಲಿ ಒಂದೊಂದು ಪ್ಲೇಟನ್ನೂ ಇಬ್ಬರು ನೋಡುತ್ತೇವೆ. ಕಾರ್ಬನ್ ಒಳಗೆ ಬಂದ ಅಂಚು ಎಡಕ್ಕಿರುವಂತೆ ಪ್ಲೇಟು ಇಡುತ್ತೇವೆ. ನಾನು ಎಡ ಅಂಚಿನಿಂದ ಶುರು ಮಾಡುತ್ತೇನೆ. ಆಪಾ ಚಿಕ್ಕಂದಿನಲ್ಲಿ ಉರ್ದು ಶಾಲೆಯಲ್ಲಿ ಕಲಿತವರು, ಅವರ ಕಣ್ಣು ಬಲದಿಂದ ಎಡಕ್ಕೇ ಸಲೀಸಾಗಿ ಓಡುತ್ತದೆ. ಹಾಗಾಗಿ ಅವರು ಬಲ ಅಂಚಿನಿಂದ ಶುರು ಮಾಡುತ್ತಾರೆ. ಸಿಕ್ಕದ್ದನ್ನು ಒಬ್ಬರಿಗೊಬ್ಬರು ಹೇಳುವಂತಿಲ್ಲ. ಕೊನೆಗೆ ಹೋಲಿಸಿ ನೋಡಿದರೆ ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಕ್ಕಿರುತ್ತದೆ. ಎಲ್ಲಿಂದ ಶುರು ಮಾಡಿದೆವು ಎಂದು ಗೊತ್ತಾಗಲು ಇಬ್ಬರೂ ಮೂಲೆಯ ಚೀಟಿಯಲ್ಲಿ ನಮ್ಮ ನಮ್ಮ ಬಾಣ ಹಾಕುತ್ತೇವೆ.

ಕೈ ತನ್ನ ರೂಢಿ ಬಿಡುವುದಿಲ್ಲ. ಜಪಾನಿನ ಕತ್ತಲೆಯಲ್ಲಿ ಆಪಾ ಪ್ರತಿ ಪೊಟ್ಟಣದ ಬಲ ಮೂಲೆಯಲ್ಲಿ ನಂಬರು ಬರೆದರು, ಪಕ್ಕದಲ್ಲಿ ತಮ್ಮ ಬಾಣವನ್ನೂ ಹಾಕಿದರು. ಬಲದಿಂದ ಎಡಕ್ಕೆ.

ಆಸ್ಪತ್ರೆ

ಕಾರ್ಬನ್ನಿನ ಬೀಜಗಳನ್ನು ಓಡಿಸುವ ಯಂತ್ರ ಇರುವುದು ಒಂದು ಆಸ್ಪತ್ರೆಯಲ್ಲಿ. ಹಗಲೆಲ್ಲ ಅದು ರೋಗಿಗಳಿಗೆ. ಅವರೆಲ್ಲ ಮುಗಿದ ಮೇಲೆ ಸಂಜೆ ನಮ್ಮಂಥವರಿಗೆ. ನಾವು ಬೇಗ ಹೋಗಿದ್ದೆವು. ಕಾಯುವ ಕೋಣೆಯಲ್ಲಿ ಕೊನೆಯ ರೋಗಿಯೊಬ್ಬರು ಕೂತಿದ್ದರು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ಪಕ್ಕದಲ್ಲಿ ಹೆಂಡತಿ ಕಿತ್ತಳೆ ಸುಲಿಯುತ್ತಿದ್ದರು. ಆಪಾರನ್ನು ನೋಡಿ ಆಕೆ ಎದ್ದು ಬಂದು ಎರಡೂ ಕೈಯಲ್ಲಿ ಒಂದು ಕಿತ್ತಳೆ ಕೊಟ್ಟರು. ಇಸಿದುಕೊಂಡ ಮೇಲೆ ಬರಿಗೈಯಲ್ಲಿ ಇರಬಾರದಲ್ಲ, ಆಪಾ ಚೀಲದಿಂದ ರೊಟ್ಟಿಯ ಚೂರು ತೆಗೆದು ಕೊಟ್ಟರು. ಆ ದಂಪತಿ ಅದನ್ನು ಹಂಚಿಕೊಂಡು, ಕಟಕಟ ಅಗಿದು, ತಲೆ ಬಗ್ಗಿಸಿದರು. ಕೋಣೆಯಲ್ಲಿ ಆ ಸದ್ದೊಂದೇ ಇತ್ತು.

ಅವರನ್ನು ಒಳಗೆ ಕರೆದ ಮೇಲೆ ಮೋರಿತಾ ವಿವರಿಸಿದರು. ಕಾರ್ಬನ್ ಮೈಯೊಳಗೆ ಇಳಿದು, ಗೆಡ್ಡೆ ಇರುವ ಆಳದಲ್ಲೇ ನಿಂತು, ತನ್ನ ಶಕ್ತಿಯ ಬಹುಪಾಲನ್ನು ಅಲ್ಲೇ ಇಳಿಸುತ್ತದೆ. ಆದರೆ ಎಲ್ಲವೂ ಅಲ್ಲಿಯವರೆಗೆ ಇಡಿಯಾಗಿ ಹೋಗುವುದಿಲ್ಲ. ಕೆಲವು ದಾರಿಯಲ್ಲೇ ಒಡೆಯುತ್ತವೆ. ಹಗುರವಾದ ತುಂಡುಗಳು ಗೆಡ್ಡೆ ದಾಟಿ ಮುಂದೆ, ಆರೋಗ್ಯವಾಗಿರುವ ಭಾಗಕ್ಕೂ ಹೋಗಿಬಿಡುತ್ತವೆ. ಎಷ್ಟು ಒಡೆಯುತ್ತವೆ, ಹೇಗೆ ಒಡೆಯುತ್ತವೆ, ತುಂಡುಗಳು ಎಲ್ಲಿಯವರೆಗೆ ಹೋಗುತ್ತವೆ ಎಂಬುದು ಗೊತ್ತಿದ್ದರೆ ಮಾತ್ರ ಸರಿಯಾಗಿ ಲೆಕ್ಕ ಹಾಕಿ ಚಿಕಿತ್ಸೆ ಕೊಡಬಹುದು.

ಆಪಾ ಕಿತ್ತಳೆಯನ್ನು ಅಂಗೈಯಲ್ಲಿ ತಿರುಗಿಸುತ್ತ ಕೇಳಿದರು, "ಅಂದ್ರೆ ನಾವು ನೋಡ್ತೀವಲ್ಲ ಆ ಗೆರೆಗಳು, ಅವೇ ಇವ್ರ ಮೈಯಲ್ಲೂ ಹೋಗ್ತಾವಾ?"

ನಾನು ಹೌದೆಂದೆ. ಇದನ್ನೆಲ್ಲ ನಮ್ಮ ಸರ್ ಸೆಮಿನಾರಿನಲ್ಲಿ ಹೇಳಿದ್ದರು, ನಾವಿಬ್ಬರೂ ಕೇಳಿದ್ದೆವು. ಆದರೆ ಸೆಮಿನಾರಿನಲ್ಲಿ ಯಾರೂ ಕಿತ್ತಳೆ ಕೊಟ್ಟಿರಲಿಲ್ಲ. ಆಪಾ ಆ ಹಣ್ಣನ್ನು ತಿನ್ನದೆ ಬೆಂಗಳೂರಿನವರೆಗೂ ತಂದರು.

ಸಂಜೆ ಪೊಟ್ಟಣಗಳನ್ನು ಮೋರಿತಾ ತಾವೇ ಕಿರಣದ ದಾರಿಯಲ್ಲಿ ನಿಲ್ಲಿಸಿದರು. ನಾವೆಲ್ಲ ದಪ್ಪ ಗೋಡೆಯ ಈಚೆ ಬಂದೆವು. ಆಪಾ ಯಂತ್ರದ ಕೋಣೆಯ ಕಡೆ ಮುಖ ಮಾಡಿ, ಬಾಯಲ್ಲಿ ಏನೋ ಅಂದುಕೊಳ್ಳುತ್ತ ನಿಂತರು. ಸದ್ದಿಲ್ಲ, ಬೆಳಕಿಲ್ಲ, ಪರದೆಯ ಮೇಲೆ ಅಂಕಿಗಳು ಬದಲಾದವು ಅಷ್ಟೆ. ಮುಗಿದ ಮೇಲೆ ಒಳಗೆ ಹೋಗಿ ನೋಡುತ್ತೇನೆ, ನಂಬರಿನ ಚೀಟಿ ಇದ್ದ ಅಂಚು ಕಿರಣ ಬರುವ ಕೊಳವೆಯ ಎದುರಿಗೇ ನಿಂತಿದೆ. ಆಪಾರ ಬಾಣವನ್ನು ಮೋರಿತಾ ಕಿರಣ ಹೋಗಬೇಕಾದ ದಿಕ್ಕು ಎಂದು ತಿಳಿದಿದ್ದರು. ಅಷ್ಟೂ ಪ್ಲೇಟುಗಳು ತಿರುಗಾಮುರುಗಾ ನಿಂತಿದ್ದವು. ಯಂತ್ರದಲ್ಲಿ ನಮಗೆ ಕೊಟ್ಟ ಸಮಯ ಮುಗಿದಿತ್ತು.

ವಿಷಯ ತಿಳಿದ ಆಪಾರ ಮುಖ ಸಣ್ಣದಾಯಿತು. "ನನ್ದೇ ತಪ್ಪು. ಕೈ ತಾನಾಗೇ ಹಾಕ್ಬಿಡ್ತು," ಅಂದರು. ಮೋರಿತಾ ಸೊಂಟದವರೆಗೆ ಬಾಗಿ, ಕೇಳದೆ ಇಟ್ಟದ್ದು ತಮ್ಮ ತಪ್ಪು ಅಂದರು. ಆಪಾ ಅವರ ಭುಜ ಹಿಡಿದು, "ನಕ್ಕೋ, ನಕ್ಕೋ, ಬೇಡ ಬೇಡ, ನೀವು ಬಗ್ಬೇಡಿ," ಎಂದು ತಾವೂ ಬಗ್ಗಿದರು. ಅವರು ಇನ್ನಷ್ಟು ಬಗ್ಗಿದರು. ಇವರೂ ಬಿಡಲಿಲ್ಲ. ತಲೆಗೆ ತಲೆ ತಾಗೀತೆಂದು ನಾನು ನಡುವೆ ನಿಲ್ಲಬೇಕಾಯಿತು.

ಆಮೇಲೆ ಕುಳಿತು ಯೋಚಿಸಿದಾಗ ಕಳೆದುಕೊಂಡದ್ದೇನೂ ಇರಲಿಲ್ಲ. ಪ್ಲೇಟಿನ ಎರಡು ಅಂಚೂ ಒಂದೇ ಬಗೆಯವು. ಎಡದಿಂದ ಒಳಗೆ ಬರಬೇಕಿದ್ದ ಕಾರ್ಬನ್ ಬಲದಿಂದ ಬಂದಿದೆ, ಅಷ್ಟೇ. "ಕಾರ್ಬನ್ನಿಗೆ ಎಡಬಲ ಗೊತ್ತಿಲ್ಲ," ಎಂದು ಮೋರಿತಾ ನಕ್ಕರು. ನಾವೂ ನಕ್ಕೆವು, ಜೀವ ಬಂದ ಹಾಗಾಯಿತು.

ಸಮುದ್ರದ ಕಟ್ಟೆ

ಪ್ಲೇಟುಗಳನ್ನು ಅಲ್ಲೇ ಫಿಲ್ಮಿನಂತೆ ತೊಳೆದು ಒಣಗಿಸಿ, ಪೊಟ್ಟಣದ ಚೀಟಿಯನ್ನು ಪ್ಲೇಟಿನ ಅದೇ ಮೂಲೆಗೆ ಅಂಟಿಸಬೇಕಿತ್ತು. ತೊಳೆಯದೆ ಒಯ್ದರೆ ವಿಮಾನದ ಎತ್ತರದಲ್ಲಿ ಆಕಾಶದಿಂದ ಬೀಳುವ ಕಿರಣಗಳೂ ಅದರಲ್ಲಿ ಗೀಚಿಬಿಡುತ್ತವೆ. ಅವು ಒಣಗುವ ದಿನಗಳಲ್ಲಿ ಸಂಜೆ ಸಮುದ್ರದ ಕಟ್ಟೆಯ ಮೇಲೆ ಕೂತು ಅನ್ನದುಂಡೆ ತಿನ್ನುತ್ತಿದ್ದೆವು, ಚಟ್ನಿಪುಡಿ ಹಚ್ಚಿಕೊಂಡು. ಮೀನು ಹಿಡಿಯುವ ಮುದುಕರು ನಮ್ಮ ಡಬ್ಬಿಯನ್ನೇ ನೋಡುತ್ತಿದ್ದರು.

"ನಿಮಗೀಗ ಒಳ್ಳೇದೇ ಆಯ್ತಲ್ಲ ಆಪಾ," ಅಂದೆ. "ಈ ಪ್ಲೇಟಲ್ಲಿ ಚೀಟಿ ಬಲಕ್ಕೇ ಇಟ್ಕೊಂಡು ನೀವು ಬಲಗಡೆಯಿಂದ ಹೋದ್ರೆ ಕಾರ್ಬನ್ ಜೊತೆಗೇ ಹೋಗ್ತೀರ. ನಾನು ನೋಡೋ ಹಾಗೇ ಕಾಣುತ್ತೆ."

ಆಪಾ ನನ್ನ ಕಡೆ ತಿರುಗಿದರು. "ನೀನು ನೋಡೋವಾಗ ಹೆಂಗ್ ಕಾಣುತ್ತೆ?"

"ದಪ್ಪ ಗೆರೆ ಹಿಡ್ಕೊಂಡು ಹೋಗ್ತೀನಿ. ಎಲ್ಲೋ ಒಂದ್ಕಡೆ ಒಡೆದುಹೋಗುತ್ತೆ."

"ನಂಗೆ ಹಂಗಲ್ಲಮ್ಮ," ಅಂದರು. "ನಂಗೆ ಮೊದ್ಲು ಮಕ್ಳು ಸಿಗ್ತಾವೆ. ಒಂದು ಇಲ್ಲಿ, ಒಂದು ಅಲ್ಲಿ. ಒಂದಕ್ಕೊಂದು ಸಂಬಂಧನೇ ಇಲ್ವೇನೋ ಅನ್ನೋ ಥರ. ಹಿಂದೆ ಹಿಂದೆ ಹೋಗ್ತಾ ಇದ್ರೆ ಹತ್ರ ಹತ್ರ ಬರ್ತಾವೆ. ಆಮೇಲೆ ಎಲ್ಲ ಸೇರಿ ಒಂದೇ ಆಗುತ್ತೆ." ಕೈಯಲ್ಲಿದ್ದ ಅನ್ನವನ್ನು ನೋಡುತ್ತ ಮತ್ತೆ ಅಂದರು, "ನೀವೆಲ್ಲ ಒಡೀತು ಒಡೀತು ಅಂತೀರ. ನನ್ ಕಣ್ಣೆದುರಿಗೆ ಇಲ್ಲಿವರ್ಗೂ ಒಂದೂ ಒಡೆದಿಲ್ಲ ಗಿರಿಜಾ."

ಇಷ್ಟು ವರ್ಷ ಮೊಣಕೈ ತಾಗುವಷ್ಟು ಹತ್ತಿರ ಕೂತು ಒಂದೇ ಪ್ಲೇಟು ನೋಡಿದ್ದೇವೆ. ಇಬ್ಬರ ಹಾಳೆಯಲ್ಲೂ ಬರೆದದ್ದು ಒಂದೇ. ಅವರಿಗೆ ಅದು ಹೀಗೆ ಕಾಣುತ್ತದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನನಗೆ ಆ ಹೆಂಗಸಿನ ಮೇಲೆ ಎಂಥ ಪ್ರೀತಿ ಬಂತೆಂದರೆ, ಎದ್ದು ಅವರ ಎಡಗಡೆಗೆ, ಅವರಿಗೆ ಕಾಣದ ಕಡೆಗೆ, ಬಂದು ಕೂತು, "ಇಲ್ಲೇ ಕೂತಿದೀನಿ ಆಪಾ," ಅಂದೆ.

ಶಿವಾಜಿನಗರ, ಹಲಸೂರು

ಬೆಂಗಳೂರಿಗೆ ಬಂದ ಮೇಲೂ ಆ ಪದ್ಧತಿ ನಮ್ಮ ಬಾಯಿಂದ ಹೋಗಲಿಲ್ಲ. ರಸೆಲ್ ಮಾರ್ಕೆಟ್ಟಿನ ಎದುರು ಆಪಾ ಜೊತೆ ನಡೆಯುವಾಗ ನಾನು ಬಸ್ ಡ್ರೈವರನಂತೆ ಹೇಳುತ್ತ ಹೋಗುತ್ತೇನೆ. "ಎಡಗಡೆ ತಳ್ಳುಗಾಡಿ. ಮುಂದೆ ಮೆಟ್ಟಿಲು. ಆಟೋ ಬರ್ತಿದೆ, ನಿಲ್ಲಿ." ಕೈ ಹಿಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹೀಗೆ ಹೇಳಿದರೆ "ಹಾಯ್" ಅನ್ನುತ್ತಾರೆ. ಹಣ್ಣಿನ ಅಂಗಡಿಯವರು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡುತ್ತಾರೆ.

ಆಪರೇಷನ್ನಿನ ದಿನ ಹತ್ತಿರ ಬರುತ್ತಿತ್ತು. ಆಪಾ ದಿನಾ ಎಲ್ಲರಿಗಿಂತ ಮೊದಲು ಬಂದು ಪ್ಲೇಟು ನೋಡಲು ಕೂರುತ್ತಿದ್ದರು. ಸ್ವಲ್ಪ ನೋಡಿ ಕಣ್ಣು ಮುಚ್ಚಿ ಕೂರುವುದು, ಮತ್ತೆ ನೋಡುವುದು. ಒಂದು ಎರಡಾದದ್ದು ಸಿಕ್ಕಿತು, ಒಂದು ಪುಡಿಪುಡಿಯಾದದ್ದು ಸಿಕ್ಕಿತು. ಬೇಕಾದದ್ದು ಸಿಗಲಿಲ್ಲ. ನಾನು ನನ್ನ ಪ್ಲೇಟು ಬಿಟ್ಟು ಅವರ ಬೆನ್ನನ್ನೇ ನೋಡುತ್ತಿದ್ದೆ.

ಸೋಮವಾರ ಆಪರೇಷನ್. ಅದರ ಹಿಂದಿನ ಶನಿವಾರ, ಸೈಕಲ್ ಸ್ಟ್ಯಾಂಡಿನಲ್ಲಿ ಹುಡುಗಿಯರ ಗದ್ದಲ ಇನ್ನೂ ಮುಗಿದಿರಲಿಲ್ಲ, ಆಪಾ ಮೆಲ್ಲಗೆ ಅಂದರು, "ಸಿಕ್ತು."

ನಾನು ಎದ್ದು ಓಡಿದೆ. ಅವರು ತಲೆ ಎತ್ತಲಿಲ್ಲ. "ದಪ್ಪದು ಬಂತು. ಇಲ್ಲಿ ಮೂರಾಯ್ತು. ಹೋಗ್ತಾ ಇದಾವೆ." ದನಿಯಲ್ಲಿ ಖುಷಿಯೇ ಇರಲಿಲ್ಲ. ಬಹಳ ಹೊತ್ತು ನೋಡಿ ಆಮೇಲೆ ನನ್ನ ಕಡೆ ತಿರುಗಿದರು. "ನೀನು ದಿನಾ ನೋಡೋದು ಹಿಂಗೇನಾ?"

"ಹೂಂ."

"ಪಾಪ ಕಣೇ," ಅಂದರು.

ಅವರು ಪ್ಲೇಟನ್ನು ಮೈಕ್ರೋಸ್ಕೋಪಿನಿಂದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ಚೀಟಿಯ ಅಂಚು ಎಡಕ್ಕೆ ಬರುವಂತೆ ತಿರುಗಿಸಿ ಇಟ್ಟರು. ಮತ್ತೆ ಬಲ ಅಂಚಿಗೆ ಹೋದರು. ಕತ್ತಲ ಕೋಣೆಯ ಪದ್ಧತಿಯಂತೆ ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. "ಒಂದು ಸಿಕ್ತು. ತೆಳ್ಳಗಿದೆ. ಹಿಂದೆ ಹೋಗ್ತಿದೀನಿ. ಎರಡನೇದು ಕೆಳಗಡೆಯಿಂದ ಬಂತು." ನಡುವೆ ಕಣ್ಣು ಮುಚ್ಚಿ ಕೂತರು. ನೀರು ಬೇಕೇ ಅಂದೆ, ಬೇಡವೆಂದು ಕೈಯಾಡಿಸಿದರು. "ಮೂರನೇದು ಎಲ್ಲೋ ಹೋಯ್ತು. ಇಲ್ಲ, ಇದೆ. ಸ್ವಲ್ಪ ದೂರ ಇತ್ತು, ಬರ್ತಾ ಇದೆ." ಹೊರಗೆ ಹುಡುಗಿಯರ ಗದ್ದಲ ಅಡಗಿತ್ತು. "ಹತ್ರ ಬಂದ್ವು. ಇನ್ನೂ ಹತ್ರ. ಬಂದ್ಬಿಟ್ವು ಗಿರಿಜಾ."

ಆಪಾ ಎದ್ದು, ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡರು, ಮೈಕ್ರೋಸ್ಕೋಪಿನ ಗಾಜನ್ನೂ ಒರೆಸಿದರು. ಪ್ಲೇಟನ್ನು ಮತ್ತೆ ಬಲ ಅಂಚಿಗೆ ಸರಿಸಿ, ತಮ್ಮ ಕುರ್ಚಿಯನ್ನು ನನ್ನ ಕಡೆ ಎಳೆದರು.

"ಕೂತ್ಕೋ. ಬಲಗಡೆಯಿಂದ ಬಾ. ಅವಸರ ಮಾಡ್ಬೇಡ."

ಕೂತೆ. ಅಷ್ಟು ವರ್ಷದಲ್ಲಿ ಮೊದಲ ಸಲ ಬಲ ಅಂಚಿನಿಂದ ಹೊರಟೆ. ದಾರಿ ತಪ್ಪಿತು, ಮತ್ತೆ ಹಿಡಿದೆ. ಆಪಾ ನನ್ನ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟಿದ್ದರು. ಮೂರು ತೆಳು ಗೆರೆಗಳು ಮೆಲ್ಲಮೆಲ್ಲಗೆ ಒಂದರ ಬಳಿ ಒಂದು ಸರಿದು ಬಂದವು. ನಾನು ಅವುಗಳ ಜೊತೆಗೇ ಹೋದೆ. ಕಣ್ಣಲ್ಲಿ ನೀರು ತುಂಬಿ ಎಲ್ಲ ಮಸುಕಾಯಿತು. ತಡೆದು, ರೆಪ್ಪೆ ಬಡಿದು ನೋಡಿದೆ.

"ಸಿಕ್ತಾ?" ಅಂದರು ಆಪಾ.

"ಸಿಕ್ತು ಆಪಾ," ಅಂದೆ. "ಒಂದೇ ಇದೆ."